ಹೆನ್ ಎಂದರೆ ಕೋಳಿಯಲ್ಲ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಮ್ಮ ಮನೆಯವರು "ಇವಳು ಮನೇಲೇ ಇರೋದು" ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಹದಿನೇಳು ವರ್ಷ ನಾನು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲೇ, ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೇರೆಯವರು ಆಡಿದ ಮಾತನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಕಾಲಡಿ ಒಂದು ಪೆಡಲ್ ಇರುತ್ತಿತ್ತು. ಒತ್ತಿದರೆ ದನಿ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಹಿಮ್ಮಡಿಯಿಂದ ತುಳಿದರೆ ನಾಲ್ಕು ಮಾತು ಹಿಂದಕ್ಕೆ ಹೋಗುತ್ತದೆ. ಹೊಲಿಗೆ ಮಿಷನ್ ತುಳಿದು ಅಭ್ಯಾಸವಿದ್ದ ನನಗೆ ಅದು ಒಂದೇ ದಿನದಲ್ಲಿ ಬಂತು. ಕಿವಿ ಪಳಗುವುದಕ್ಕೆ ಮಾತ್ರ ವರ್ಷಗಳು ಹಿಡಿದವು.

ಈಗ ಆ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಅದು ಬರೆದದ್ದನ್ನು ತಿದ್ದಲು ವಿದ್ಯಾನಗರದ ನಮ್ಮ ಹಳೆಯ ಆಫೀಸಿಗೆ ಹೊಸ ಹುಡುಗಿಯರು ಸೇರಿದ್ದಾರೆ. "ಅವರಿಗೋಸ್ಕರ ನಿಮ್ಮ ಅನುಭವ ಒಂದಿಷ್ಟು ಬರೆದುಕೊಡಿ ಆಂಟಿ" ಎಂದು ಶೈಲಾ ಕೇಳಿದಳು. ಶೈಲಾ ಆ ಆಫೀಸನ್ನು ನಡೆಸುವವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಆದರೆ ಹದಿನೇಳು ವರ್ಷ ನನ್ನ ಮೇಲಧಿಕಾರಿ. ಆಫೀಸಿನಲ್ಲಿ ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ, ಅವಳು ನನ್ನನ್ನು ಆಂಟಿ ಎನ್ನುತ್ತಿದ್ದಳು. ಹೊರಗಿನವರಿಗೆ ಯಾರು ಯಾರಿಗೆ ಸಂಬಳ ಕೊಡುತ್ತಾರೆಂದು ಗೊತ್ತಾಗುತ್ತಿರಲಿಲ್ಲ.

ಮೊದಲ ವರ್ಷಗಳೆಲ್ಲ ಅಮೆರಿಕದ ಡಾಕ್ಟರುಗಳ ಮಾತು. ರೋಗಿಯ ಎದೆ, ಹೊಟ್ಟೆ, ಮಂಡಿ. ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಆಮೇಲೆ ಒಂದು ದಿನ ಬಂದ ಕೆಲಸದ ಬಗ್ಗೆ ಮಾತ್ರ ಹೇಳಬೇಕು.

ಸ್ಕಾಟ್ಲೆಂಡಿನಲ್ಲಿ ಬಹಳ ಹಳೆಯದೊಂದು ಫುಟ್‌ಬಾಲ್ ಕ್ಲಬ್ ಇದೆ. ಹೆಸರು ಹೇಳುವುದಿಲ್ಲ, ಹೇಳುವುದಿಲ್ಲವೆಂದು ಸಹಿ ಹಾಕಿದ್ದೇನೆ. ಅಲ್ಲಿ ಹಿಂದೆ ಆಡಿ ಹೆಸರು ಮಾಡಿದವರು ಈಗ ಮುದುಕರಾಗಿದ್ದಾರೆ. ಅವರು ಇರುವಾಗಲೇ ಅವರ ಮಾತನ್ನು ಹಿಡಿದಿಡಬೇಕೆಂದು ಕ್ಲಬ್ಬಿನ ಅಭಿಮಾನಿಯೊಬ್ಬರು, ನಿವೃತ್ತ ಮೇಷ್ಟ್ರು, ಒಂದು ಪುಟ್ಟ ರೆಕಾರ್ಡರ್ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಆ ಮಾತುಗಳು ಶಿವಮೊಗ್ಗಕ್ಕೆ ಬರುತ್ತಿದ್ದವು.

ಆಫೀಸಿನ ಹುಡುಗಿಯರು ಎರಡೇ ನಿಮಿಷ ಕೇಳಿ ಹೆಡ್‌ಫೋನ್ ಕಿತ್ತಿಟ್ಟರಂತೆ. "ಇದು ಇಂಗ್ಲಿಷೇ ಅಲ್ಲ ಮೇಡಂ, ತಪ್ಪಿ ನಮಗೆ ಬಂದಿದೆ" ಎಂದಳಂತೆ ಒಬ್ಬಳು. ಶೈಲಾ ಅದನ್ನು ನನ್ನ ತಲೆಗೆ ಕಟ್ಟಿದಳು. ನಾನು ಪೆಡಲ್ ಒತ್ತಿದೆ. ಒಬ್ಬ ಮುದುಕರು ಗಂಟಲು ಸರಿಮಾಡಿಕೊಂಡು "ವೆಲ್, ಆ ವಸ್ ಬೋರ್‍ರ್ನ್..." ಎಂದರು. ಆ "ರ್‍ರ್" ಕೇಳಿದ ತಕ್ಷಣ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದು ನಮ್ಮ ಸಿಸ್ಟರ್ ದನಿ.

ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಆ ದೇಶದವರು. ಕೆಂಪು ಕೆನ್ನೆ, ಸೆರಗಿನ ಬದಲು ತೋಳಿನೊಳಗೆ ಸಿಕ್ಕಿಸಿಕೊಂಡ ಕರವಸ್ತ್ರ. ಅವರು 'ಗರ್ಲ್ಸ್' ಎಂದರೆ ಅಂಗಳದಲ್ಲಿ ಜಟಕಾ ಹೋದಂತೆ ಕೇಳುತ್ತಿತ್ತು. ಅವರಿಂದ ನಾನು ಏಳು ವರ್ಷ ಇಂಗ್ಲಿಷ್ ಕಲಿತೆ. ಬೇರೆ ಕಡೆಯಿಂದ ಬಂದ ಟೀಚರುಗಳು ಆಮೇಲೆ ನನ್ನ ಉಚ್ಚಾರಣೆಯನ್ನು ಉಜ್ಜಿ ಉಜ್ಜಿ ತೆಗೆದರು. ಆದರೆ ಕಿವಿಯಲ್ಲಿ ಅದು ಹಾಗೇ ಉಳಿದಿತ್ತು.

ಹಾಗೆಂದು ಎಲ್ಲ ಮಾತೂ ತಿಳಿಯುತ್ತಿರಲಿಲ್ಲ. ತಿಳಿಯದ ಮಾತಿಗೆ ನಾನು ನನ್ನದೇ ಒಂದು ದಾರಿ ಮಾಡಿಕೊಂಡೆ. ಪಕ್ಕದಲ್ಲಿ ಒಂದು ಲಾಂಗ್ ಬುಕ್ ಇಟ್ಟುಕೊಂಡು, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೈ ತಾನಾಗಿ ಸ್ಪೆಲ್ಲಿಂಗ್ ಸರಿಮಾಡಿಬಿಡುತ್ತದೆ, ದನಿ ಹಾರಿಹೋಗುತ್ತದೆ. ಕನ್ನಡದಲ್ಲಾದರೆ 'ಹೂಸ್' ಎಂದವರು 'ಹೂಸ್' ಎಂದೇ ಉಳಿಯುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ನಾಲ್ಕು ಸಲ ಓದಿಕೊಂಡರೆ, ಓ, ಹೌಸ್, ಮನೆ! ಒಗ್ಗರಣೆ ಹಾಕುತ್ತಾ ನಾನು "ಹೂಸ್, ಹೂಸ್" ಎಂದು ಹೇಳಿಕೊಳ್ಳುತ್ತಿದ್ದರೆ ನಮ್ಮ ಮನೆಯವರು ಕಿಟಕಿಯ ಹೊರಗೆ ಬೆಕ್ಕು ಬಂದಿದೆಯಾ ಎಂದು ನೋಡುತ್ತಿದ್ದರು.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ಮೂವರು ಆಟಗಾರರೂ ಮಾತುಮಾತಿಗೆ 'ಕೆನ್' ಎನ್ನುತ್ತಿದ್ದರು. "ಚೆಂಡು ನನಗೆ ಬಂತು, ಕೆನ್." "ಮಳೆ ಸುರಿತಿತ್ತು, ಕೆನ್." ಕೆನ್ ಎಂಬ ಒಬ್ಬ ಜೊತೆಗಾರ ಇದ್ದಿರಬೇಕೆಂದು ನಾನು ಎಲ್ಲ ಕಡೆ ದೊಡ್ಡ ಅಕ್ಷರದಿಂದ ಶುರುಮಾಡಿ ಟೈಪ್ ಮಾಡಿದೆ. ಮೇಷ್ಟ್ರಿಂದ ಪತ್ರ ಬಂತು. ನೀವು ಹೇಳುವ ಈ ಕೆನ್ ಮಹಾಶಯರು ಮೂರು ತಲೆಮಾರಿನ ಎಲ್ಲ ಪಂದ್ಯಗಳಲ್ಲೂ ಹಾಜರಿದ್ದಾರೆ, ಆದರೆ ನಮ್ಮ ದಾಖಲೆಯಲ್ಲಿ ಅಂಥವರು ಯಾರೂ ಇಲ್ಲ, ಆ ಮಾತಿಗೆ 'ಗೊತ್ತಾಯ್ತಲ್ಲ' ಎಂದಷ್ಟೇ ಅರ್ಥ, ಎಂದು ಬರೆದಿದ್ದರು. ನಮ್ಮ ಕಡೆ ಮಾತಿಗೊಮ್ಮೆ 'ಗೊತ್ತಾಯ್ತಾ' ಎನ್ನುವುದಿಲ್ಲವೇ, ಹಾಗೆ. ಯಾರಾದರೂ ಹೊರಗಿನವರು ಕೇಳಿದರೆ ಶಿವಮೊಗ್ಗದಲ್ಲಿ ಮನೆಮನೆಗೂ ಒಬ್ಬ ಗೊತ್ತಾಯ್ತಪ್ಪ ಇದ್ದಾನೆಂದು ಬರೆದುಕೊಂಡಾರು.

ಆ ಮುದುಕರ ಮಾತು ಕೇಳುತ್ತಾ ಕೇಳುತ್ತಾ ನನಗೆ ಭದ್ರಾವತಿ ನೆನಪಾಗುತ್ತಿತ್ತು. ನಾನು ಹುಟ್ಟಿದ್ದು ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದರು, ಕಾರ್ಖಾನೆಯ ಟೀಮಿನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಸ್ಕಾಟ್ಲೆಂಡಿನ ಒಬ್ಬ ಫಾರ್ವರ್ಡ್ ಆಟಗಾರ ಹೇಳಿದರು: ಶನಿವಾರ ಬೆಳಿಗ್ಗೆ ಕಲ್ಲಿದ್ದಲ ಗಣಿಯಲ್ಲಿ ಪಾಳಿ ಮುಗಿಸಿ, ಮುಖ ತೊಳೆದು, ಬಸ್ಸಿಗೆ ಓಡಿ, ಮಧ್ಯಾಹ್ನ ಇಪ್ಪತ್ತು ಸಾವಿರ ಜನರ ಮುಂದೆ ಆಡುತ್ತಿದ್ದರಂತೆ. ಕಣ್ಣಿನ ರೆಪ್ಪೆಯಲ್ಲಿ ಮಾತ್ರ ಮಸಿ ಹೋಗುತ್ತಿರಲಿಲ್ಲವಂತೆ. ನಾನು ಪೆಡಲಿನಿಂದ ಕಾಲೆತ್ತಿದೆ. ಅಪ್ಪನ ರೆಪ್ಪೆಯಲ್ಲೂ ಹಾಗೇ ಇರುತ್ತಿತ್ತು. ಇನ್ನೊಬ್ಬರು ಚರ್ಮದ ಚೆಂಡು ಮಳೆಗೆ ನೆನೆದರೆ ಕಲ್ಲಾಗುತ್ತದೆ, ತಲೆಯಿಂದ ಹೊಡೆದರೆ ಅದರ ದಾರದ ಗುರುತು ಎರಡು ದಿನ ಹಣೆಯ ಮೇಲೆ ಇರುತ್ತದೆ ಎಂದರು. ಅಪ್ಪನ ಹಣೆಯ ಆ ಗುರುತನ್ನು ನಾನು ಚಿಕ್ಕವಳಿದ್ದಾಗ ವಿಭೂತಿಯೆಂದು ತಿಳಿದಿದ್ದೆ.

ಅಪ್ಪ ಸಂಜೆ ಜಗುಲಿಯಲ್ಲಿ ಕೂತು ತಮ್ಮ ಗೋಲಿನ ಕಥೆ ಹೇಳುತ್ತಿದ್ದರು. ಪಕ್ಕದ ಮನೆಯ ತಮಿಳರ ಮಾಮ ಕೇಳಲು ಬರುತ್ತಿದ್ದರು. ಕಥೆ ಗೋಲಿನ ಹತ್ತಿರ ಬಂದ ಕೂಡಲೇ ಒಳಗಿನಿಂದ ಅಮ್ಮನ ದನಿ ಬರುತ್ತಿತ್ತು: "ಅದು ಗೋಲಲ್ಲ, ಕಂಬಕ್ಕೆ ಬಡಿದು ಆಚೆ ಹೋಯ್ತು. ನಾನೇ ನೋಡಿದೀನಿ."

"ನೀನು ಕೂತಿದ್ದು ಆ ಕಡೆ ಕಣೆ, ಅಲ್ಲಿಂದ ಹಾಗೆ ಕಾಣುತ್ತೆ" ಎನ್ನುತ್ತಿದ್ದರು ಅಪ್ಪ.

"ಯಾವ ಕಡೆ ಕೂತ್ರೂ ಕಂಬ ಕಂಬಾನೇ."

ಮಾಮ ನಗುತ್ತಿದ್ದರು. ಅಪ್ಪನ ಈ ಕಥೆಗಳನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಮನೆಯಲ್ಲಿ ಟೇಪ್ ರೆಕಾರ್ಡರ್ ಇದ್ದೂ ನಾನೂ ಮಾಡಲಿಲ್ಲ.

ಆಟಗಾರರ ಪೈಕಿ ನನಗೆ ಬಹಳ ಹತ್ತಿರವಾದವರು ಒಬ್ಬ ಗೋಲ್‌ಕೀಪರ್. ನಮ್ಮ ಭದ್ರಾವತಿಯಲ್ಲಿ ಗೋಲ್‌ಕೀಪರಿಗೆ ಗೋಲಿ ಎನ್ನುತ್ತಿದ್ದುದರಿಂದ ನಾವು ಮನೆಯಲ್ಲಿ ಅವರಿಗೆ ಗೋಲಿ ಅಜ್ಜ ಎಂದೇ ಹೆಸರಿಟ್ಟೆವು. ಅವರ ಮಾತು ಐದು ಕಂತಿನಲ್ಲಿ ಬಂತು. ಬೆರಳು ಎಷ್ಟು ಸಲ ಮುರಿದಿತ್ತೆಂದರೆ ಶರ್ಟಿನ ಗುಂಡಿ ಹಾಕಲು ಈಗ ಆಗುವುದಿಲ್ಲ ಎಂದು ಅವರು ನಗುತ್ತಾ ಹೇಳುತ್ತಿದ್ದರು. ಒಂದು ವಿಚಿತ್ರವೆಂದರೆ, ಮಾತಿನ ಮಧ್ಯೆ ಇದ್ದಕ್ಕಿದ್ದಂತೆ "ಆಯ್, ಹೆನ್", "ಇನ್ ಎ ಮಿನಿಟ್, ಹೆನ್" ಎನ್ನುತ್ತಿದ್ದರು. ಆಯ್ ಎಂದರೆ ಹೂಂ. ಹೆನ್ ಎಂದರೆ ಕೋಳಿ, ಅದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು.

"ಏನ್ ಮಾರಾಯ್ತಿ, ನಿನ್ನ ಗೋಲಿ ಅಜ್ಜ ಹಾಲ್‌ನಲ್ಲೇ ಕೋಳಿ ಸಾಕಿದಾರಾ?" ಎಂದರು ನಮ್ಮ ಮನೆಯವರು.

"ಒಂಟಿ ಜೀವ ಇರಬಹುದು ಪಾಪ. ನಾಯಿ ಬೆಕ್ಕು ಸಾಕಲ್ವಾ, ಹಾಗೆ."

ನಾನು ಬಹಳ ಶ್ರದ್ಧೆಯಿಂದ, ಅವರು ಹಾಗೆಂದ ಕಡೆಯೆಲ್ಲ ಚೌಕ ಆವರಣದಲ್ಲಿ 'ಕೋಳಿಯೊಂದಿಗೆ ಮಾತಾಡುತ್ತಾರೆ' ಎಂದು ಇಂಗ್ಲಿಷಿನಲ್ಲಿ ಸೇರಿಸಿ ಕಳಿಸಿದೆ.

ನಾಲ್ಕನೇ ದಿನ ಶೈಲಾ ಫೋನ್ ಮಾಡಿದಳು. ನಗು ತಡೆಯಲಾಗದೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. "ಆಂಟಿ, ಆ ಮನೇಲಿ ಕೋಳೀನೇ ಇಲ್ವಂತೆ!"

"ಮತ್ತೆ?"

"ಹೆನ್ ಅಂದ್ರೆ ಅವರ ಕಡೆ ಹೆಂಡತೀನ ಕರೆಯೋದಂತೆ. ಪ್ರೀತಿಯಿಂದ. ಹೆಂಗಸರನ್ನ, ಸಣ್ಣ ಹುಡುಗೀರನ್ನ ಎಲ್ಲಾ ಹಾಗೇ ಅಂತಾರಂತೆ. ಅಜ್ಜ ಅದನ್ನ ಓದಿ, ಹೆಂಡತಿಗೂ ಓದಿ ಹೇಳಿ, ಇಬ್ರೂ ಬಿದ್ದು ಬಿದ್ದು ನಕ್ರಂತೆ."

ಊಟಕ್ಕೆ ಕೂತಾಗ ವಿಷಯ ಕೇಳಿ ನಮ್ಮ ಮನೆಯವರು, "ಅಷ್ಟೇನಾ? ನಾನು ನಿಂಗೆ ಮಾರಾಯ್ತಿ ಅಂದ ಹಾಗೆ" ಎಂದರು, ಏನೂ ಆಗಿಲ್ಲವೆಂಬಂತೆ ಸಾರು ಬಡಿಸಿಕೊಂಡರು.

ನನಗೆ ಮಾತ್ರ ಸಿಸ್ಟರ್ ನೆನಪಾದರು. ಐದನೇ ಕ್ಲಾಸಿನಲ್ಲಿ ಒಂದು ದಿನ ನಾನು ಪದ್ಯ ಮರೆತು ಎಲ್ಲರ ಮುಂದೆ ಅಳುತ್ತಾ ನಿಂತಿದ್ದೆ. ಸಿಸ್ಟರ್ ತೋಳು ಚಾಚಿ, "ಕಮ್ ಹಿಯರ್, ಹೆನ್" ಎಂದರು. ಇಡೀ ಕ್ಲಾಸು ಗೊಳ್ಳೆಂದಿತು. ಆ ವರ್ಷವೆಲ್ಲ ನನ್ನ ಹೆಸರು ಕೋಳಿ. ನಾನು ಸಿಸ್ಟರ್ ಹತ್ತಿರ ಹೋಗಲಿಲ್ಲ. ಆ ದಿನ ಮಾತ್ರವಲ್ಲ, ಅವರು ಶಾಲೆಯಲ್ಲಿದ್ದಷ್ಟು ದಿನವೂ ಮನಸ್ಸಿನಲ್ಲಿ ಅವರಿಂದ ಒಂದು ಮಾರು ದೂರವೇ ನಿಂತಿದ್ದೆ. ಅವರು ಊರಿಗೆ ಹೊರಟಾಗ ಎಲ್ಲ ಹುಡುಗಿಯರೂ ಕಾರ್ಡ್ ಮಾಡಿ ಕೊಟ್ಟರು, ನಾನು ಕೊಡಲಿಲ್ಲ. ನಲವತ್ತು ವರ್ಷದ ಮೇಲೆ, ಸಾರನ್ನದ ಮುಂದೆ ಕೂತು, ಅವರು ನನ್ನನ್ನು ಕರೆದದ್ದು ಹೇಗೆಂದು ತಿಳಿಯಿತು.

ಆ ಮಧ್ಯಾಹ್ನ ಗೋಲಿ ಅಜ್ಜನ ಮೊದಲ ಕಂತನ್ನು ಮತ್ತೆ ಹಾಕಿ, ದನಿಯನ್ನು ಪೂರ್ತಿ ಏರಿಸಿ ಕೇಳಿದೆ. ಆಗ ಕೇಳಿಸಿದರು ಅವರ ಹೆಂಡತಿ. ದೂರದಲ್ಲಿ, ಅಡುಗೆಮನೆಯಲ್ಲಿ. ನಲ್ಲಿ ನಿಲ್ಲಿಸುವ ಸದ್ದು, ಕಪ್ಪಿಗೆ ಚಮಚ ತಾಗುವ ಸದ್ದು, ಅವುಗಳ ನಡುವೆ ಮಾತು. ಇಷ್ಟು ದಿನ ಅದನ್ನೆಲ್ಲ ನಾನು ಗದ್ದಲವೆಂದು ದಾಟಿಸಿದ್ದೆ. ನಾನೇ, ದಿನವಿಡೀ ಅಡುಗೆಮನೆಯಿಂದ ಮಾತಾಡುವವಳು.

ಮುಂದಿನ ಕಂತುಗಳಲ್ಲಿ ಅವರ ದನಿಗಾಗಿಯೇ ಕಾಯತೊಡಗಿದೆ. ಅಜ್ಜ ತಮ್ಮ ಜೀವನದ ದೊಡ್ಡ ಪಂದ್ಯದ ಕಥೆ ಹೇಳುತ್ತಿದ್ದರು. ಕೊನೆಯ ಗಳಿಗೆ, ಪೆನಾಲ್ಟಿ, ಎಡಗೈ ಚಾಚಿ ಚೆಂಡು ತಡೆದೆ ಎಂದರು. ಹಿಂದಿನಿಂದ ಹೆಂಡತಿ, "ಇಟ್ ವಸ್ ಯರ್ ರೈಟ್ ಹಾನ್!" ಎಂದರು. ಹಾನ್ ಎಂದರೆ ಕೈ. ಬಲಗೈ ಅದು, ಪಂದ್ಯಕ್ಕೆ ಮೊದಲೇ ಎಡಗೈಗೆ ಪಟ್ಟಿ ಸುತ್ತಿ ಕಳಿಸಿದ್ದವಳು ನಾನೇ ಎಂದು. ಅಜ್ಜ "ಆಯ್, ಹೆನ್" ಎಂದು ಕಥೆ ಮುಂದುವರಿಸಿದರು. ಆ ಕಡೆ ಕೂತರೂ ಈ ಕಡೆ ಕೂತರೂ ಕಂಬ ಕಂಬವೇ.

ನಾನು ಶೈಲಾಗೆ ಫೋನ್ ಮಾಡಿದೆ. "ಮೇಡಂ, ಅವರ ಹೆಂಡತಿ ಮಾತೂ ಟೈಪ್ ಮಾಡ್ಲಾ? ಅಜ್ಜಂದು ಒಂದು ತಪ್ಪು ತಿದ್ದಿದಾರೆ."

"ಬೇಡ ಆಂಟಿ. ರೂಲ್ ನಿಮಗೆ ಗೊತ್ತಲ್ಲ. ಆಟಗಾರರ ಮಾತು ಮಾತ್ರ. ಉಳಿದಿದ್ದೆಲ್ಲ ಹಿನ್ನೆಲೆ ದನಿ ಅಂತ ಹಾಕಿ."

"ಆಡಿದ್ದು ಅವರೇ ಆದ್ರೂ, ನೆನಪಿರೋದು ಇವರಿಗಲ್ವಾ?"

"ಆಂಟಿ, ನೀವು ಒಳ್ಳೆ ವಕೀಲರಾಗ್ತಿದ್ರಿ. ಹಿನ್ನೆಲೆ ದನಿ ಅಂತ ಹಾಕಿ."

ಹಾಕಿದೆ. ಐದು ಕಂತಿನಲ್ಲಿ ಹದಿನಾಲ್ಕು ಕಡೆ, ಚೌಕ ಆವರಣದಲ್ಲಿ, ಹಿನ್ನೆಲೆ ದನಿ. ಕ್ಲಬ್ಬಿನ ಪುಸ್ತಕದಲ್ಲಿ ಎಡಗೈ ಎಂದೇ ಅಚ್ಚಾಯಿತು. ಆದರೆ ಆ ಹದಿನಾಲ್ಕು ಮಾತನ್ನೂ ನಾನು ಲಾಂಗ್ ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಟಿಪ್ಪಣಿ ಇಟ್ಟುಕೊಳ್ಳಬಾರದೆಂದು ಒಪ್ಪಂದದಲ್ಲಿ ಒಂದು ಸಾಲು ಇತ್ತು. ಅದನ್ನು ನಾನು ಓದಿದ್ದೆ, ಓದಿ ಮರೆತಿದ್ದೆ ಎಂದರೆ ನೀವು ನಂಬಬೇಕು.

ಒಂದೆರಡು ವರ್ಷದಲ್ಲಿ ಕಂಪ್ಯೂಟರೇ ಕೇಳಿ ಬರೆಯುವ ಕಾಲ ಬಂತು. ಅದು ಮೊದಲು ಮಾಡುವ ಕೆಲಸವೆಂದರೆ ಹಿನ್ನೆಲೆಯ ದನಿಯನ್ನೆಲ್ಲ ಒರೆಸಿಹಾಕುವುದು. ಹೊಸದಾಗಿ ಬರುವ ನಿಮಗೆ ನಲ್ಲಿಯ ಸದ್ದೂ ಚಮಚದ ಸದ್ದೂ ಕೇಳಿಸುವುದೇ ಇಲ್ಲ. ಬಿಡುವಾದಾಗ ಒಮ್ಮೆ ಮೂಲವನ್ನು ಹಾಕಿ ಕೇಳಿ, ಅಷ್ಟನ್ನು ಕೇಳಿಕೊಳ್ಳುತ್ತೇನೆ. ನಾನು ಪೆಡಲನ್ನು ಬಟ್ಟೆಯಲ್ಲಿ ಸುತ್ತಿ ಆಫೀಸಿಗೆ ಹಿಂತಿರುಗಿಸಿ ಬಂದೆ. ಅದಾದ ಮೇಲೆ ಎಷ್ಟೋ ದಿನ ಊಟದ ಮೇಜಿನ ಕೆಳಗೆ ನನ್ನ ಬಲಗಾಲು ತನ್ನಷ್ಟಕ್ಕೆ ಒತ್ತುತ್ತಿತ್ತು, ಯಾರಾದರೂ ಮಾತಾಡಲಿ ಎಂದು.

ಹೋದ ವರ್ಷ ಶೈಲಾ ಮನೆಗೇ ಬಂದಳು. ಚಪ್ಪಲಿ ಬಿಡುವಾಗಲೇ ಮುಖ ಸಣ್ಣದಾಗಿತ್ತು. "ಆಂಟಿ, ನಿಮ್ಮ ಗೋಲಿ ಅಜ್ಜನ ಹೆಂಡತಿ ತೀರ್ಕೊಂಡ್ರಂತೆ."

ಮೇಷ್ಟ್ರು ಪತ್ರ ಬರೆದಿದ್ದರು. ಅಜ್ಜ ಮಾತು ಕಡಿಮೆ ಮಾಡಿದ್ದಾರೆ. ಹೆಂಡತಿಯ ಫೋಟೋ ಬೇಕಾದಷ್ಟಿದೆ, ದನಿ ಎಲ್ಲೂ ಇಲ್ಲ. ಆ ಐದು ಕಂತಿನಲ್ಲಿ ಅವಳು ಅಡುಗೆಮನೆಯಿಂದ ಮಾತಾಡಿದ್ದಳಲ್ಲ, ಅದನ್ನು ಒಮ್ಮೆ ಕೇಳಿಸಿ ಎಂದು ದಿನವೂ ಕೇಳುತ್ತಾರೆ. ಆದರೆ ಮೇಷ್ಟ್ರ ರೆಕಾರ್ಡರಿನಲ್ಲಿ ಅದರ ಮೇಲೆ ಬೇರೆ ಮಾತು ತುಂಬಿ ಹಳೆಯದು ಅಳಿಸಿಹೋಗಿದೆ. ನಿಮ್ಮಲ್ಲಿ ಇದೆಯೇ?

"ನಮ್ಮಲ್ಲೂ ಇಲ್ಲ. ಮೂವತ್ತು ದಿನಕ್ಕೆ ಅಳಿಸ್ಬೇಕು ಅಂತ ರೂಲು. ನಾನೇ ಅಳಿಸಿದ್ದು" ಎಂದಳು ಶೈಲಾ. "ಟೈಪ್ ಮಾಡಿದ್ದು ತೆಗೆದು ನೋಡಿದೆ ಆಂಟಿ. ಹಿನ್ನೆಲೆ ದನಿ, ಹಿನ್ನೆಲೆ ದನಿ, ಹಿನ್ನೆಲೆ ದನಿ. ನೀವು ಅವತ್ತು ಕೇಳಿದ್ರಿ. ನಾನು ಬೇಡ ಅಂದೆ."

ನಾನು ಲಾಂಗ್ ಬುಕ್ಕಿನ ವಿಷಯ ಹೇಳಿದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಬಾಗಿಲ ಕಡೆ ನೋಡಿದಳು. "ನೋಟ್ಸ್ ಇಟ್ಕೊಂಡಿದ್ರಾ? ಗೊತ್ತಾದ್ರೆ ನಮ್ಮ ಒಪ್ಪಂದಾನೇ ಹೋಗುತ್ತೆ." ಆಮೇಲೆ ದನಿ ತಗ್ಗಿಸಿ, "ಎಲ್ಲಿದೆ?" ಎಂದಳು.

ಅದೇ ತಿಳಿಯದು. ಕೆಲಸ ಬಿಟ್ಟಾಗ ಹಳೆಯ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ಹಾಕಿದ್ದೆವು. ಬೀರು ನೋಡಿದೆವು, ಅಟ್ಟ ನೋಡಿದೆವು. ನಮ್ಮ ಮನೆಯವರು ಸ್ಟೂಲ್ ಹತ್ತಿ ಧೂಳಿಗೆ ಸೀನುತ್ತಾ, "ನಾಲ್ಕು ಬುಕ್ ಹಾಕಿದ್ದು ನಾನೇ ಮಾರಾಯ್ತಿ. ಒಂದು ಮಾತ್ರ ನೀನು ಕಿತ್ಕೊಂಡಿದ್ದೆ, ಉಪ್ಪಿನಕಾಯಿ ಅಳತೆ ಇದೆ ಅಂತ" ಎಂದರು.

ಉಪ್ಪಿನಕಾಯಿ! ಗೋಪಾಳ ಬಡಾವಣೆಯ ಅತ್ತಿಗೆ ಹೇಳಿದ ನಿಂಬೆಕಾಯಿ ಉಪ್ಪಿನಕಾಯಿಯ ಅಳತೆಯನ್ನು ಕೈಗೆ ಸಿಕ್ಕಿದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿದ್ದೆ. ಆ ಪುಸ್ತಕ ಅಡುಗೆಮನೆಯಲ್ಲಿ, ಮಸಾಲೆ ಡಬ್ಬಿಗಳ ಕೆಳಗೆ ಇತ್ತು. ತೆಗೆದರೆ ಅರಿಸಿನದ ಬೆರಳಗುರುತು, ಎಣ್ಣೆಯ ಕಲೆ. ಒಳಗೆ ಅವರು, ಹದಿನಾಲ್ಕು ಸಾಲಿನಲ್ಲಿ, ಇದ್ದರು.

ಶೈಲಾ ಅಲ್ಲೇ ಕೂತು ಅದನ್ನು ನನ್ನಿಂದ ಓದಿಸಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ನಾನು ಓದಿ ನೋಡಿದೆ. ನಿಮ್ಮ ಟೀ ತಣ್ಣಗಾಗುತ್ತಿದೆ. ಅದು ನಿಮ್ಮ ಬಲಗೈ. ಯಾವ ಹೆಂಗಸು ಬೇಕಾದರೂ ಹೇಳಬಹುದಾದ ಮಾತು. ಸ್ಪೆಲ್ಲಿಂಗ್ ಸರಿಯಿತ್ತು, ಅವರು ಇರಲಿಲ್ಲ.

"ಇದನ್ನ ಕಳಿಸ್ಬೇಡ ಶೈಲಾ" ಎಂದೆ. ಮೇಡಂ ಎನ್ನುವುದು ಮರೆತೇ ಹೋಗಿತ್ತು. "ಕನ್ನಡದಲ್ಲಿರೋದನ್ನ ನಾನೇ ಓದ್ತೀನಿ. ಅವರಿಗೆ ಫೋನ್ ಮಾಡು."

"ಪುಸ್ತಕ ಇಟ್ಕೊಂಡಿದ್ದು ಅವರಿಗೆ ಗೊತ್ತಾಗುತ್ತೆ, ಆಂಟಿ."

"ಗೊತ್ತಾಗ್ಲಿ."

ಅವಳು ಬಹಳ ಹೊತ್ತು ಪುಸ್ತಕದ ಅರಿಸಿನದ ಕಲೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. ಆಮೇಲೆ ತಾನೇ ಮೇಷ್ಟ್ರಿಗೆ ಪತ್ರ ಬರೆದಳು, ತಪ್ಪನ್ನೂ ಮುಚ್ಚಿಡದೆ. ಬೈಗುಳ ಬರಲಿಲ್ಲ. ನಾಡಿದ್ದು, ನಿಮ್ಮ ಸಂಜೆ ಐದಕ್ಕೆ, ಎಂದು ಮಾತ್ರ ಉತ್ತರ ಬಂತು.

ಎರಡು ದಿನ ನಾನು ಅಭ್ಯಾಸ ಮಾಡಿದೆ. ಟೀಚರುಗಳು ಉಜ್ಜಿ ತೆಗೆದಿದ್ದ ಸಿಸ್ಟರ್ ನಾಲಿಗೆಯನ್ನು ಮತ್ತೆ ಹುಡುಕಿ ಹುಡುಕಿ ತಂದೆ. 'ರ್‍ರ್' ಬಂದಾಗ ತೋಳಿನೊಳಗಿನ ಕರವಸ್ತ್ರವೂ ಕಣ್ಣಿಗೆ ಬಂತು.

ಆ ಸಂಜೆ ಕುಕ್ಕರ್ ಇಳಿಸಿ, ಫ್ಯಾನ್ ಆರಿಸಿ, ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಆ ಕಡೆ ಮೇಷ್ಟ್ರು ನಮಸ್ಕಾರ ಹೇಳಿದರು. ಅಜ್ಜ ಪಕ್ಕದಲ್ಲೇ ಇದ್ದಾರೆ, ಕೋಳಿ ಬರೆದವರು ನೀವೇ ಎಂದು ಹೇಳಿದ್ದೇನೆ ಎಂದರು. ಅಜ್ಜನ ಉಸಿರು ಮಾತ್ರ ಕೇಳುತ್ತಿತ್ತು. ಆ ಉಸಿರು ನನಗೆ ಗೊತ್ತಿತ್ತು, ಎಷ್ಟು ಸಲ ಹಿಂದಕ್ಕೆ ತಂದು ಕೇಳಿದ್ದೆ.

ಕುರ್ಚಿಯಲ್ಲಿ ಕೂತು ಓದಿದರೆ ಸರಿಬರುವುದಿಲ್ಲ ಎನ್ನಿಸಿತು. ಎದ್ದು ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ, ಸಿಂಕಿನ ಕಡೆ ಮುಖಮಾಡಿ. ಅಲ್ಲಿಂದ, ಸ್ವಲ್ಪ ಕೂಗಿ, ಓದಿದೆ.

"ಇಟ್ ವಸ್ ಯರ್ ರೈಟ್ ಹಾನ್!"

ಆ ಕಡೆ ಉಸಿರು ನಿಂತಿತು. ನಾನು ಮುಂದಿನದು ಓದಿದೆ. ಅದರ ಮುಂದಿನದು ಓದಿದೆ. ಹದಿಮೂರು ಸಾಲು ಮುಗಿದವು. ಕೊನೆಯದು ಉಳಿದಿತ್ತು. ಐದನೇ ಕಂತು ಮುಗಿಯುವಾಗ ಅವರು ಅಡುಗೆಮನೆಯಿಂದ ಕೂಗಿದ ಮಾತದು.

"ಯರ್ ಟೀಸ್ ಗೆಟಿನ್ ಕಾಲ್ಡ್!"

ಏನೂ ಕೇಳಲಿಲ್ಲ. ಫೋನ್ ಕಡಿದುಹೋಯಿತೇನೋ ಎಂದು ಶೈಲಾ ಕೈ ಚಾಚಿದಳು. ನಾನು ಬೇಡವೆಂದು ಸನ್ನೆ ಮಾಡಿದೆ. ಹದಿನೇಳು ವರ್ಷದಲ್ಲಿ ನಾನು ಕಲಿತದ್ದು ಅಷ್ಟೇ, ಖಾಲಿ ಇದ್ದಂತೆ ಕೇಳುವ ಕಡೆಯಲ್ಲೂ ಕಾಲೆತ್ತಬಾರದು.

ಆಮೇಲೆ ಅಲ್ಲಿ ಒಂದು ಕುರ್ಚಿ ಹಿಂದಕ್ಕೆ ಸರಿಯಿತು.

"ಕಮಿನ್, ಹೆನ್" ಎಂದರು ಅಜ್ಜ. ಬಂದೆ, ಎಂದು.

ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಸ್ವಲ್ಪ ಜಾಗವಿತ್ತು. ಅದನ್ನೂ ಬರೆದುಕೊಂಡೆ, ಕನ್ನಡದಲ್ಲೇ.